ಗಿಡದ ಪ್ರಶ್ನೆಗೆ ಒಂದು ಜಾಗ, ಹರಟೆಗೆ ಒಂದು ಜಗಲಿ: ತಾರಸಿ ತೋಟದ ಗ್ರೂಪಿಗೆ ಯಾವ ಆ್ಯಪ್ ಒಗ್ಗುತ್ತದೆ?

ಮಳೆಗಾಲದ ಒಂದು ರಾತ್ರಿ ಯಾವುದೇ ತಾರಸಿ ತೋಟದ ವಾಟ್ಸ್‌ಆ್ಯಪ್ ಗ್ರೂಪು ತೆರೆದು ನೋಡಿ. ಎಂಟೂವರೆಗೆ ಒಬ್ಬರು ಮೆಣಸಿನ ಗಿಡದ ಫೋಟೊ ಹಾಕಿ, ‘ಎಲೆ ಮುದುರ್ಕೊಳ್ತಾ ಇದೆ, ಏನ್ ಮಾಡ್ಲಿ?’ ಅಂತ ಕೇಳಿರುತ್ತಾರೆ. ಒಂಬತ್ತಕ್ಕೆ ಯಾರದೋ ಮನೆಯಲ್ಲಿ ಬ್ರಹ್ಮಕಮಲ ಬಿರಿಯುತ್ತದೆ. ಒಂದು ಫೋಟೊ ಬಂದರೆ ಸಾಕು, ‘ನಮ್ಮನೇಲೂ ಇವತ್ತೇ’ ಅಂತ ಹತ್ತು ಬರುತ್ತವೆ. ಬೆಳಗಾಗುವಷ್ಟರಲ್ಲಿ ಬಾಡುವ ಹೂವು, ತೋರಿಸಬೇಕೆಂದರೆ ಇವತ್ತು ರಾತ್ರಿಯೇ ತೋರಿಸಬೇಕು. ‘ಸೂಪರ್ ಮೇಡಂ’, ಕೈಮುಗಿದ ಇಮೋಜಿ, ‘ಎಷ್ಟು ವರ್ಷದ ಗಿಡ ಅಕ್ಕಾ?’, ನಡುವೆ ಎಲ್ಲಿಂದಲೋ ಬಂದ ಶುಭರಾತ್ರಿ ಫಾರ್ವರ್ಡು. ಹನ್ನೊಂದಕ್ಕೆ ಮೆಣಸಿನ ಗಿಡ ಐದಾರು ಪರದೆ ಮೇಲೆ ಹೋಗಿ ಕೂತಿರುತ್ತದೆ. ಅದಕ್ಕೆ ಉತ್ತರ ಬರುವುದಿಲ್ಲ.

ಅಡ್ಮಿನ್‌ಗಳು ಇದಕ್ಕೆ ಮಾಡುವುದು ಎರಡೇ. ಬೈಯುತ್ತಾರೆ, ಇಲ್ಲವೇ ಕೈಬಿಡುತ್ತಾರೆ. ಬೈದರೆ ಮೊದಲು ಮೌನವಾಗುವವರು ಉತ್ತರ ಕೊಡಬಲ್ಲವರು. ಎಲೆ ನೋಡಿ ಯಾವ ನುಸಿ ಅಂತ ಹೇಳುವ ಏಳೆಂಟು ಜನ ಗ್ರೂಪಿನಲ್ಲಿ ಉಳಿದಿರುವುದು ಅದೇ ಪ್ರಶ್ನೆಗೆ ನೂರನೇ ಸಲ ಉತ್ತರಿಸುವ ಆಸೆಯಿಂದಲ್ಲ, ಅಲ್ಲಿ ಮಾತಾಡಲು ಜನ ಇದ್ದಾರೆ ಅಂತ. ಕೈಬಿಟ್ಟರೆ ಹೊಸಬರ ಪ್ರಶ್ನೆ ಮುಳುಗುತ್ತದೆ. ಆದ್ದರಿಂದ ಈ ವಿಮರ್ಶೆ ಆ್ಯಪ್‌ಗಳ ಅಂದಚೆಂದದ್ದಲ್ಲ. ಹರಟೆಯನ್ನು ಕೊಲ್ಲದೆ ಪ್ರಶ್ನೆಯನ್ನು ಉಳಿಸಲು ಯಾವುದರಿಂದ ಆಗುತ್ತದೆ ಅನ್ನುವುದಷ್ಟೇ ಇಲ್ಲಿನ ಅಳತೆ. ದಾರಿ ತಪ್ಪಿದ ಮಾತನ್ನು ಯಾರ ಮುಖವೂ ಕೆಡದಂತೆ ಎತ್ತಿ ಬೇರೆ ಕಡೆ ಇಡಬಹುದೇ, ಹೋದ ವರ್ಷದ ಉತ್ತರ ಇವತ್ತು ಸಿಗುತ್ತದೆಯೇ, ಅರವತ್ತು ದಾಟಿದವರಿಗೂ ಬಳಸಲು ಬರುತ್ತದೆಯೇ ಎಂಬ ಮೂರು ಪ್ರಶ್ನೆ ಇಟ್ಟುಕೊಂಡು ನೋಡಿದ್ದು.

ಮೊದಲು ಆ ಮೆಣಸಿನ ಗಿಡವನ್ನೇ ಸ್ವಲ್ಪ ಹತ್ತಿರದಿಂದ ನೋಡಬೇಕು. ಹರಟೆ ಯಾವಾಗ ದುಬಾರಿ ಅನ್ನುವುದು ಅಲ್ಲಿ ಗೊತ್ತಾಗುತ್ತದೆ. ಎಲೆ ಮೇಲ್ಮುಖವಾಗಿ ದೋಣಿಯ ಹಾಗೆ ಮಡಚಿಕೊಂಡಿದ್ದರೆ ಸಾಮಾನ್ಯವಾಗಿ ಥ್ರಿಪ್ಸ್. ಕೆಳಮುಖವಾಗಿ ಬಾಗಿ ತೊಟ್ಟು ಉದ್ದವಾಗಿದ್ದರೆ ಮೈಟ್ ನುಸಿ. ಬಿಳಿ ನೊಣ ತರುವ ವೈರಸ್ಸಾದರೆ ಕಥೆಯೇ ಬೇರೆ, ಗಿಡ ಕಿತ್ತೆಸೆಯಬೇಕಾಗಬಹುದು. ಥ್ರಿಪ್ಸ್ ಕೀಟ, ಮೈಟ್ ಕೀಟವೇ ಅಲ್ಲ; ಒಂದಕ್ಕೆ ಹೊಡೆಯುವ ಮದ್ದು ಇನ್ನೊಂದಕ್ಕೆ ನಾಟದಿರಬಹುದು. ಅಂದರೆ ತಿಳಿದವರು ಒಂದೇ ಏಟಿಗೆ ಉತ್ತರ ಹೇಳಲಾರರು. ‘ಎಲೆ ತಿರುಗಿಸಿ ಅಡಿಭಾಗದ ಫೋಟೊ ಹಾಕಿ’, ‘ಚಿಗುರು ಮಾತ್ರವಾ, ಹಳೇ ಎಲೆನೂನಾ?’, ‘ಏನಾದ್ರೂ ಹೊಡೆದಿದ್ರಾ?’ ಅಂತ ಮೂರು ಮರುಪ್ರಶ್ನೆ ಕೇಳಬೇಕು. ಆರೇಳು ಸಂದೇಶಗಳ ಸಂಭಾಷಣೆ ಅದು. ನಡುವೆ ಮೂವತ್ತು ಹೂವು ಬಂದು ಬಿದ್ದರೆ ಕೇಳಿದವರಿಗೆ ಮರುಪ್ರಶ್ನೆ ಕಾಣುವುದಿಲ್ಲ, ಕಾಣದ್ದಕ್ಕೆ ಉತ್ತರಿಸುವುದಿಲ್ಲ. ತಿಳಿದವರಿಗೆ ‘ಕೇಳಿ ಮಾಯ ಆದ್ರು’ ಅನ್ನಿಸುತ್ತದೆ. ಅದೇ ಹೂವುಗಳು ‘ಲೀಟರ್ ನೀರಿಗೆ 5 ಮಿ.ಲೀ. ಬೇವಿನೆಣ್ಣೆ, ಎರಡು ಹನಿ ಸೋಪಿನ ನೀರು, ಸಂಜೆ ಹೊತ್ತು ಎಲೆ ಅಡಿಗೆ ಹೊಡೀರಿ’ ಎಂಬ ಸಲಹೆ ಬಂದ ಮೇಲೆ ಬಂದಿದ್ದರೆ ಯಾರಿಗೂ ಏನೂ ನಷ್ಟವಿಲ್ಲ. ಗ್ರೂಪಿನ ನಿಯಮ ಬರೆಯುವವರು ‘ವಿಷಯಾಂತರ ಬೇಡ’ ಎಂದು ಬರೆಯುವ ಬದಲು ‘ಪ್ರಶ್ನೆಗೆ ಉತ್ತರ ಸಿಗುವವರೆಗೆ ತಡೆಯಿರಿ’ ಎಂದು ಬರೆದರೆ ಅರ್ಧ ಜಗಳ ಕಡಿಮೆ.

ವಾಟ್ಸ್‌ಆ್ಯಪ್ ಕಮ್ಯುನಿಟಿ

ಜನ ಇರುವುದು ಇಲ್ಲೇ, ಪರದೆ ಕನ್ನಡದಲ್ಲೂ ಸಿಗುತ್ತದೆ, ಯಾರಿಗೂ ಹೊಸದಾಗಿ ಏನೂ ಕಲಿಸಬೇಕಿಲ್ಲ. ಈ ಒಂದು ಕಾರಣಕ್ಕೆ ಉಳಿದೆಲ್ಲ ದೋಷ ಸಹಿಸಿಕೊಳ್ಳುವವರೇ ಹೆಚ್ಚು. ಒಂದು ಗ್ರೂಪಿಗೆ 1,024 ಜನರ ಮಿತಿ. 2022ರ ಕೊನೆಗೆ ಬಂದ ಕಮ್ಯುನಿಟಿ ಸೌಲಭ್ಯದಲ್ಲಿ ಹಲವು ಗ್ರೂಪುಗಳನ್ನು ಒಂದೇ ಸೂರಿನಡಿ ಕಟ್ಟಬಹುದು. ಮೇಲೆ ಅಡ್ಮಿನ್‌ಗಳಷ್ಟೇ ಪ್ರಕಟಣೆ ಹಾಕುವ ಒಂದು ಜಾಗ ತಾನಾಗಿಯೇ ಹುಟ್ಟುತ್ತದೆ.

ಮಾಡುವ ಕ್ರಮ ಸುಲಭ: ಹೊಸ ಕಮ್ಯುನಿಟಿ ತೆರೆದು, ಹಳೆಯ ಗ್ರೂಪನ್ನು ಅದಕ್ಕೆ ಸೇರಿಸಿ, ಪಕ್ಕದಲ್ಲಿ ಒಂದು ಹೊಸ ಗ್ರೂಪು ಮಾಡುವುದು. ಎಡವುವುದು ಇಲ್ಲೇ. ಎಲ್ಲರೂ ಹಳೆಯ ಗ್ರೂಪನ್ನು ‘ಇನ್ನು ಮುಂದೆ ಇಲ್ಲಿ ಗಿಡದ ವಿಷಯ ಮಾತ್ರ’ ಎಂದು ಸಾರಿ, ಹರಟೆಗೆಂದು ಹೊಸದೊಂದು ಮಾಡುತ್ತಾರೆ. ಹೊಸದಕ್ಕೆ ಯಾರೂ ಹೋಗುವುದಿಲ್ಲ. ಕಮ್ಯುನಿಟಿಗೆ ಸೇರಿದವರು ಪ್ರಕಟಣೆಯ ಜಾಗಕ್ಕೆ ತಾವಾಗಿಯೇ ಸೇರುತ್ತಾರೆಯೇ ಹೊರತು ಉಳಿದ ಗ್ರೂಪುಗಳಿಗೆ ಒಬ್ಬೊಬ್ಬರೂ ತಾವೇ ಒತ್ತಿ ಸೇರಬೇಕು. ಹರಟೆಗಾಗಿ ಯಾರು ಅಷ್ಟು ಕಷ್ಟಪಡುತ್ತಾರೆ? ತಿರುಗಿಸಿ ಮಾಡಿ. ಹಳೆಯ ಗ್ರೂಪನ್ನು, ಅಂದರೆ ಎಲ್ಲರ ಬೆರಳು ತಾನಾಗಿ ಹೋಗುವ ಜಾಗವನ್ನು, ಜಗಲಿ ಮಾಡಿ. ಹೊಸದನ್ನು ಪ್ರಶ್ನೆಗೆ ಇಡಿ. ಗಿಡ ಸಾಯುತ್ತಿದೆ ಎಂಬ ಆತಂಕ ಇದ್ದವರು ಒಂದು ಗುಂಡಿ ಹೆಚ್ಚು ಒತ್ತುತ್ತಾರೆ.

ಜಗಲಿಗೆ ಇನ್ನೊಂದು ಸೌಕರ್ಯ ಇದೆ, ಯಾಕೋ ಹೆಚ್ಚಿನವರು ಬಳಸುವುದಿಲ್ಲ. ತಾನಾಗಿ ಮಾಯವಾಗುವ ಸಂದೇಶ: 24 ಗಂಟೆ, 7 ದಿನ, 90 ದಿನ ಎಂಬ ಮೂರು ಆಯ್ಕೆ. ಜಗಲಿಗೆ 7 ದಿನ ಇಟ್ಟರೆ ಶುಭೋದಯಗಳು, ಹಬ್ಬದ ಶುಭಾಶಯಗಳು ತಾವೇ ಉದುರಿಹೋಗುತ್ತವೆ. ಪ್ರಶ್ನೆಯ ಗ್ರೂಪಿನಲ್ಲಿ ಅದನ್ನು ಮುಟ್ಟಬೇಡಿ. ಗಮನಿಸಿ, ಇದು ಆನ್ ಮಾಡಿದ ಮೇಲೆ ಬಂದವುಗಳಿಗೆ ಮಾತ್ರ. ಹಳೆಯ ರಾಶಿ ಹಾಗೇ ಇರುತ್ತದೆ. ಗ್ರೂಪಿನ ಸೆಟ್ಟಿಂಗ್ ಬದಲಿಸುವ ಹಕ್ಕು ಅಡ್ಮಿನ್‌ಗಳಿಗಷ್ಟೇ ಇರಲಿ, ಇಲ್ಲದಿದ್ದರೆ ಯಾರದೋ ಬೆರಳು ತಾಗಿ ಪ್ರಶ್ನೆಯ ಗ್ರೂಪೂ ಖಾಲಿಯಾದೀತು. ಗ್ಯಾಲರಿ ತುಂಬಿಹೋಯಿತು ಎಂದು ದೂರುವವರಿಗೆ ಆಂಡ್ರಾಯ್ಡಿನಲ್ಲಿ ಗ್ರೂಪ್ ಮಾಹಿತಿಯೊಳಗೆ ಮೀಡಿಯಾ ವಿಸಿಬಿಲಿಟಿ ಎಂಬುದನ್ನು ‘ಬೇಡ’ ಮಾಡಲು ಹೇಳಿಕೊಡಿ. ಹರಟೆಯ ಮೇಲಿನ ಸಿಟ್ಟಿನಲ್ಲಿ ಎಷ್ಟೋ ಪಾಲು ಫೋನಿನ ಸ್ಟೋರೇಜಿನ ಮೇಲಿನ ಸಿಟ್ಟೇ.

ಸೋಲುವ ಕಡೆಗಳೂ ಇವೆ. ದಾರಿ ತಪ್ಪಿದ ಸಂದೇಶವನ್ನು ಬೇರೆ ಗ್ರೂಪಿಗೆ ಸರಿಸಲು ಬರುವುದಿಲ್ಲ. ಅಡ್ಮಿನ್ ಅದನ್ನು ಅಳಿಸಬಹುದು ಅಷ್ಟೆ. ಅಳಿಸಿದರೆ ಆ ಜಾಗದಲ್ಲಿ ಇಂಥ ಅಡ್ಮಿನ್ ಅಳಿಸಿದರು ಎಂಬ ಸಾಲು ಹೆಸರಿನ ಸಮೇತ ಉಳಿಯುತ್ತದೆ, ಗ್ರೂಪಿನ ಸಮಸ್ತರಿಗೂ ಕಾಣುವಂತೆ. ಹೂವಿನ ಫೋಟೊ ಹಾಕಿದವರಿಗೆ ಇದು ಕಪಾಳಕ್ಕೆ ಹೊಡೆದಂತೆ. ಪಿನ್ ಮಾಡಬಹುದಾದದ್ದು ಮೂರೇ ಸಂದೇಶ, ಅದೂ ಗರಿಷ್ಠ 30 ದಿನ; ನಿಯಮವನ್ನು ಪಿನ್ ಮಾಡಿದರೆ ತಿಂಗಳಿಗೆ ಕಳಚಿ ಬೀಳುತ್ತದೆ, ಗ್ರೂಪಿನ ವಿವರಣೆಯಲ್ಲಿ ಬರೆಯಿರಿ. ಗ್ರೂಪಿನೊಳಗೆ ಎಲ್ಲರ ಫೋನ್ ನಂಬರು ಎಲ್ಲರಿಗೂ ಕಾಣುತ್ತದೆ ಎಂಬುದು ಸಾವಿರ ಅಪರಿಚಿತರ ಗ್ರೂಪಿನಲ್ಲಿ, ಅದರಲ್ಲೂ ಹೆಂಗಸರಿಗೆ, ಸಣ್ಣ ವಿಷಯವಲ್ಲ.

ಹುಡುಕಾಟವಂತೂ ಕನ್ನಡಿಗರ ಗ್ರೂಪಿನಲ್ಲಿ ದೊಡ್ಡ ತಲೆನೋವು. ಒಬ್ಬರು ಕನ್ನಡ ಲಿಪಿಯಲ್ಲಿ ಮೆಣಸಿನಕಾಯಿ ಎನ್ನುತ್ತಾರೆ, ಇನ್ನೊಬ್ಬರು ಅದನ್ನೇ ಇಂಗ್ಲಿಷ್ ಅಕ್ಷರದಲ್ಲಿ ತಮಗೆ ತೋಚಿದ ಸ್ಪೆಲ್ಲಿಂಗಿನಲ್ಲಿ ಬರೆಯುತ್ತಾರೆ, ಮತ್ತೊಬ್ಬರು ಚಿಲ್ಲಿ ಅಂತ, ಮಗದೊಬ್ಬರು ವಾಯ್ಸ್ ನೋಟು ಕಳಿಸುತ್ತಾರೆ. ಬರೀ ಫೋಟೊ ಹಾಕಿ ‘ಇದಕ್ಕೇನು ಮದ್ದು?’ ಅಂದವರ ಪ್ರಶ್ನೆ ಯಾವ ಪದ ಹಾಕಿ ಹುಡುಕಿದರೂ ಸಿಗದು. ಇದಕ್ಕೆ ಆ್ಯಪ್ ಯಾವುದಾದರೂ ಮದ್ದು ಒಂದೇ: ಪ್ರಶ್ನೆಯ ಮೊದಲ ಸಾಲಿನಲ್ಲಿ ಗಿಡದ ಹೆಸರು, ತೊಂದರೆ, ಕುಂಡದ ಅಳತೆ. ‘ಮೆಣಸು, ಎಲೆ ಮುದುರು, 12 ಇಂಚು ಕುಂಡ’ ಎಂದಿಷ್ಟೇ. ಉತ್ತರ ಕೊಡುವವರು ಸಂದೇಶವನ್ನು ಬಲಕ್ಕೆ ಎಳೆದು ಅದಕ್ಕೇ ಅಂಟಿಸಿ ಉತ್ತರಿಸುವ ಅಭ್ಯಾಸ ಮಾಡಿಕೊಂಡರೆ ನಡುವೆ ಎಷ್ಟು ಹೂವು ಅರಳಿದರೂ ಎಳೆ ಕಡಿಯುವುದಿಲ್ಲ.

ಅಂಕ: 10ಕ್ಕೆ 6. ಆರರಲ್ಲಿ ಮೂರು ಜನ ಅಲ್ಲಿದ್ದಾರೆ ಎಂಬುದಕ್ಕೆ.

ಟೆಲಿಗ್ರಾಂ ಟಾಪಿಕ್ಸ್

ಈ ಕೆಲಸಕ್ಕೆಂದೇ ಹೊಲಿದ ಅಂಗಿ. 2022ರ ನವೆಂಬರಿನಲ್ಲಿ ಬಂದ ಟಾಪಿಕ್ಸ್ ಸೌಲಭ್ಯ ಒಂದೇ ಗ್ರೂಪಿನೊಳಗೆ ಕೋಣೆಗಳನ್ನು ಮಾಡುತ್ತದೆ. ಒಳಗೆ ಹೋದರೆ ಸಾಲಾಗಿ ಟಾಪಿಕ್ಕುಗಳು, ಪ್ರತಿಯೊಂದಕ್ಕೂ ಅದರದೇ ಓದದ ಸಂದೇಶಗಳ ಲೆಕ್ಕ, ಅದರದೇ ಪಿನ್, ಅದರದೇ ಮ್ಯೂಟ್. ಹರಟೆ ಬೇಡದವರು ಜಗಲಿಯನ್ನು ಮಾತ್ರ ಮ್ಯೂಟ್ ಮಾಡಿಕೊಂಡು ಪ್ರಶ್ನೆಗಳಿಗೆ ಗಂಟೆ ಬಾರಿಸಿಕೊಳ್ಳಬಹುದು, ಯಾರನ್ನೂ ಸುಮ್ಮನಿರಿಸಬೇಕಿಲ್ಲ. ಸೇರಲು ಎರಡನೇ ಸಲ ಒತ್ತುವ ಗೋಜೂ ಇಲ್ಲ, ಗ್ರೂಪಿಗೆ ಬಂದವರಿಗೆ ಎಲ್ಲ ಕೋಣೆಯೂ ತೆರೆದೇ ಇರುತ್ತದೆ.

ಗ್ರೂಪಿನ ಹೆಸರು ತಟ್ಟಿ, ಎಡಿಟ್‌ಗೆ ಹೋಗಿ ಟಾಪಿಕ್ಸ್ ಆನ್ ಮಾಡಿದರೆ ಅದುವರೆಗಿನ ಮಾತೆಲ್ಲ ‘ಜನರಲ್’ ಎಂಬ ಟಾಪಿಕ್ಕಿಗೆ ಹೋಗಿ ಬೀಳುತ್ತದೆ. ಜನರಲ್ಲನ್ನು ಅಳಿಸಲಾಗದು, ಹೆಸರು ಬದಲಿಸಬಹುದು. ಅದನ್ನೇ ಜಗಲಿ ಎಂದು ಕರೆಯಿರಿ, ಪ್ರಶ್ನೆಗೆ ‘ಸಸ್ಯ ವೈದ್ಯ’ ಎಂಬ ಬೇರೆ ಟಾಪಿಕ್ ತೆರೆಯಿರಿ. ದಾರಿ ಗೊತ್ತಿಲ್ಲದವರು ಎಡವಿ ಬೀಳುವುದು ಅಲ್ಲಿಗೇ. ಹರಟೆಯ ಜಾಗಕ್ಕೆ ಪ್ರಶ್ನೆ ಬಿದ್ದರೆ ‘ಸಸ್ಯ ವೈದ್ಯಕ್ಕೆ ಹಾಕಿ ಸರ್, ಅಲ್ಲಿ ಬೇಗ ಉತ್ತರ ಸಿಗುತ್ತೆ’ ಎನ್ನುವುದು ಉಪಕಾರ, ಪ್ರಶ್ನೆಯ ಜಾಗಕ್ಕೆ ಹರಟೆ ಬಿದ್ದು ‘ಇಲ್ಲಿ ಬೇಡ’ ಎನ್ನುವುದು ಅವಮಾನ. ಟಾಪಿಕ್ಕಿಗೆ ಅದರದೇ ಲಿಂಕ್ ಇರುವುದರಿಂದ ದಾರಿ ತೋರಿಸುವುದು ಒಂದು ತಟ್ಟಿನ ಕೆಲಸ.

ಎಷ್ಟು ಟಾಪಿಕ್? ಐದು ಸಾಕು: ಜಗಲಿ, ಸಸ್ಯ ವೈದ್ಯ, ಬೀಜ–ಕಡ್ಡಿ ವಿನಿಮಯ, ಗೊಬ್ಬರ–ಮಣ್ಣು, ತೋಟದಿಂದ ಅಡುಗೆಮನೆಗೆ. ಹೊಸ ಅಡ್ಮಿನ್‌ಗಳು ಉತ್ಸಾಹದಲ್ಲಿ ಟೊಮೆಟೊಗೊಂದು, ಗುಲಾಬಿಗೊಂದು, ಕಾಂಪೋಸ್ಟಿಗೊಂದು ಅಂತ ಹದಿನೈದು ತೆರೆಯುತ್ತಾರೆ. ಟೊಮೆಟೊ ಗಿಡಕ್ಕೆ ಹಿಟ್ಟುತಿಗಣೆ ಬಂದರೆ ಟೊಮೆಟೊದಲ್ಲಿ ಹಾಕುವುದಾ, ಕೀಟದಲ್ಲಿ ಹಾಕುವುದಾ ಎಂದು ಯೋಚಿಸಿ ಜನ ಎಲ್ಲೂ ಹಾಕುವುದಿಲ್ಲ. ಹೊಸ ಟಾಪಿಕ್ ತೆರೆಯುವ ಅನುಮತಿಯನ್ನು ಸದಸ್ಯರಿಗೆ ಕೊಡಬೇಡಿ.

ಅಡುಗೆಮನೆಯ ಟಾಪಿಕ್ ತಮಾಷೆಗೆ ಸೇರಿಸಿದ್ದಲ್ಲ. ನಮ್ಮ ಕಡೆ ತೋಟದ ಮಾತು ಸೀದಾ ಹೋಗುವುದು ಒಲೆಯ ಬಳಿಗೇ. ಬಸಳೆ ಬಳ್ಳಿಗೆ ಚಪ್ಪರ ಹೇಗೆ ಅಂತ ಶುರುವಾದದ್ದು ಬಸಳೆ ಹುಳಿಗೆ ಹುರುಳಿಕಾಳು ಹಾಕಬೇಕೋ ಬೇಡವೋ ಎಂಬಲ್ಲಿಗೆ ಮುಟ್ಟಿ, ಮಂಗಳೂರಿನವರೂ ಶಿವಮೊಗ್ಗದವರೂ ಎರಡು ಪಕ್ಷ ಆಗುತ್ತಾರೆ. ಇದು ಹಾಳು ಹರಟೆ ಅಲ್ಲ. ಮುಂದಿನ ವರ್ಷ ಬಸಳೆ ಹಾಕುವವರು ಹುಟ್ಟುವುದು ಇಲ್ಲಿಂದಲೇ. ಚಪ್ಪರದ ಪ್ರಶ್ನೆ ತೀರಿದ್ದರೆ ಅಲ್ಲೇ ಓಡಲು ಬಿಡಿ.

ಟೆಲಿಗ್ರಾಮಿನಲ್ಲಿ ಅಡ್ಮಿನ್ ಅಳಿಸಿದ ಸಂದೇಶಕ್ಕೆ ಗ್ರೂಪಿನಲ್ಲಿ ಗೋರಿಯಿಲ್ಲ, ಸದ್ದಿಲ್ಲದೆ ಹೋಗುತ್ತದೆ. ಅಡ್ಮಿನ್‌ಗಳಿಗೆ ಮಾತ್ರ ಇತ್ತೀಚಿನ ಚಟುವಟಿಕೆಯ ಪಟ್ಟಿಯಲ್ಲಿ 48 ಗಂಟೆ ಕಾಣುತ್ತದೆ. ಆದರೆ ಒಂದು ಟಾಪಿಕ್ಕಿನಿಂದ ಇನ್ನೊಂದಕ್ಕೆ ಸಂದೇಶವನ್ನು ನೇರ ಸರಿಸಲು ಇಲ್ಲೂ ಬರದು. ಮೊದಲು ಜಗಲಿಗೆ ಫಾರ್ವರ್ಡ್ ಮಾಡಿ, ಆಮೇಲೆ ಮೂಲವನ್ನು ಅಳಿಸಬೇಕು. ಫಾರ್ವರ್ಡಿನಲ್ಲಿ ಕಳಿಸಿದವರ ಹೆಸರು ಉಳಿಯುವುದರಿಂದ ಕೆಲಸ ನಡೆಯುತ್ತದೆ. ಈ ಕ್ರಮ ತಿರುಗಿದರೆ ಎರಡೂ ಕಡೆ ಇಲ್ಲ.

ಹೊಸಬರಿಗೆ ಹಳೆಯ ಮಾತೆಲ್ಲ ಕಾಣುವಂತೆ ಮಾಡಬಹುದು. ವಾಟ್ಸ್‌ಆ್ಯಪಿಗಿಂತ ಇದು ಬಹಳ ಮುಂದಿರುವುದು ಇಲ್ಲೇ. ಫೋನ್ ನಂಬರು ಬಚ್ಚಿಡಬಹುದು. ಗ್ರೂಪಿಗೆ 2,00,000 ಜನರ ಮಿತಿ, ತಾರಸಿ ತೋಟಕ್ಕೆ ಅಷ್ಟು ಬೇಕಾಗದು. ನಿಧಾನಗತಿಯ ಸೌಲಭ್ಯ ಹಾಕಿದರೆ ಒಬ್ಬರ ಎರಡು ಸಂದೇಶಗಳ ನಡುವೆ ಒಂದು ಗಂಟೆಯವರೆಗೆ ಅಂತರ ಇಡಬಹುದು, ಆದರೆ ಅದು ಇಡೀ ಗ್ರೂಪಿಗೆ. ಹರಟೆಗೆ ಕಡಿವಾಣ ಹಾಕಲು ಹೋಗಿ ಎಲೆಯ ಅಡಿಭಾಗದ ಫೋಟೊ ಹಾಕಬೇಕಾದವರ ಕೈಯನ್ನೇ ಕಟ್ಟಿದಂತೆ. ಬಳಸಬೇಡಿ. ಸಾರ್ವಜನಿಕ ಗ್ರೂಪಾದರೆ ಷೇರು, ಕ್ರಿಪ್ಟೊ ಅಂತ ಬರುವ ಕಸದ ಖಾತೆಗಳ ಕಾಟ ಇದೆ. ಖಾಸಗಿ ಗ್ರೂಪು ಮಾಡಿ, ಆಹ್ವಾನದ ಲಿಂಕಿಗೆ ಅಡ್ಮಿನ್ ಒಪ್ಪಿಗೆ ಕಡ್ಡಾಯ ಮಾಡಿದರೆ ಮುಕ್ಕಾಲು ಪಾಲು ನಿಲ್ಲುತ್ತದೆ.

ಅಂಕ: 10ಕ್ಕೆ 8. ಕಳೆದ ಎರಡು, ‘ಇನ್ನೊಂದು ಆ್ಯಪಾ? ಬೇಡ ಬಿಡಿ’ ಎನ್ನುವವರಿಗಾಗಿ. ನೂರೈವತ್ತು ಜನರ ಒಳಗಿನ ಗ್ರೂಪಾದರೆ ಈ ಸ್ಥಳಾಂತರದ ಶ್ರಮವೇ ಬೇಡ, ಇದ್ದಲ್ಲೇ ಇರಿ.

ಡಿಸ್ಕಾರ್ಡ್

2015ರಲ್ಲಿ ಗೇಮ್ ಆಡುವವರಿಗಾಗಿ ಹುಟ್ಟಿದ್ದು, ಆ ವಾಸನೆ ಇನ್ನೂ ಹೋಗಿಲ್ಲ. ಇದರ ಫೋರಂ ಚಾನೆಲ್, ಅಂದರೆ ಪ್ರಶ್ನೆ–ಚರ್ಚೆಗೆಂದೇ ಇರುವ ಕೋಣೆ, ಮಾತ್ರ ಒಳ್ಳೆಯ ಸರಕು: ಶೀರ್ಷಿಕೆ ಬರೆಯದೆ ಪ್ರಶ್ನೆ ಹಾಕಲಾಗದು, ಪ್ರತಿ ಪ್ರಶ್ನೆಯೂ ತನ್ನದೇ ಎಳೆ, 20ರವರೆಗೆ ಟ್ಯಾಗ್ ಮಾಡಿಟ್ಟು ‘ಒಂದಾದರೂ ಆರಿಸಲೇಬೇಕು’ ಎಂದು ಕಡ್ಡಾಯ ಮಾಡಬಹುದು. ನಿಧಾನಗತಿ ಇಲ್ಲಿ ಚಾನೆಲ್ಲಿಗೊಂದರಂತೆ, 5 ಸೆಕೆಂಡಿನಿಂದ 6 ಗಂಟೆವರೆಗೆ. ಆದರೆ ಸರ್ವರ್, ಚಾನೆಲ್, ರೋಲ್, ಥ್ರೆಡ್ ಎಂಬ ನಾಲ್ಕು ಪದಗಳನ್ನು ನಿವೃತ್ತ ಮೇಷ್ಟ್ರಿಗೆ ಫೋನಿನಲ್ಲಿ ವಿವರಿಸುವ ತಾಳ್ಮೆ ಯಾರಿಗಿದೆ? ಮೆಕ್ಯಾನಿಕಲ್ ಕೀಬೋರ್ಡ್, ತ್ರೀಡಿ ಪ್ರಿಂಟರ್ ಹವ್ಯಾಸದವರಿಗಾದರೆ ಕಣ್ಣುಮುಚ್ಚಿ ಇದನ್ನೇ ಹೇಳಬಹುದು. ತೋಟಕ್ಕೆ 10ಕ್ಕೆ 5.

ಡಿಸ್ಕೋರ್ಸ್

ಹಳೆಯ ಕಾಲದ ಚರ್ಚಾಕಟ್ಟೆಯ ಹೊಸ ರೂಪ. ಜೆಫ್ ಆಟ್‌ವುಡ್ ಮತ್ತು ಗೆಳೆಯರು 2013ರಲ್ಲಿ ಹೊರತಂದ ಮುಕ್ತ ತಂತ್ರಾಂಶ. ಎತ್ತಿಡುವ ಕೆಲಸವನ್ನು ಸರಿಯಾಗಿ ಅರ್ಥ ಮಾಡಿಕೊಂಡದ್ದು ಈ ಐದರಲ್ಲಿ ಇದೊಂದೇ. ಅಡ್ಮಿನ್ ಸ್ಪ್ಯಾನರ್ ಗುರುತು ಒತ್ತಿ, ದಾರಿ ತಪ್ಪಿದ ಏಳು ಉತ್ತರಗಳನ್ನು ಆರಿಸಿ, ಹೊಸ ವಿಷಯವಾಗಿಯೋ ಇರುವ ಇನ್ನೊಂದು ವಿಷಯಕ್ಕೋ ಸರಿಸಬಹುದು. ಬರೆದವರ ಹೆಸರು, ಹೊತ್ತು, ಲೈಕು ಎಲ್ಲ ಜೊತೆಗೇ ಹೋಗುತ್ತದೆ. ಹಳೆಯ ಜಾಗದಲ್ಲಿ ‘ಇಷ್ಟು ಮಾತು ಅಲ್ಲಿಗೆ ಹೋಗಿದೆ’ ಎಂಬ ಕೈಕಂಬ ಉಳಿಯುತ್ತದೆ. ಬಸಳೆ ಹುಳಿಯ ಜಗಳ ಅಳಿಯದೆ ತನ್ನದೇ ಶೀರ್ಷಿಕೆ ಪಡೆದು ಗೌರವದಿಂದ ಮುಂದುವರಿಯುತ್ತದೆ. ಸದಸ್ಯರೇ ಮುಂದಾಗಿ, ಇದು ಬೇರೆ ಮಾತು ಅನ್ನಿಸಿದಾಗ, ಉತ್ತರವನ್ನು ಹೊಸ ವಿಷಯವಾಗಿ ಕವಲೊಡೆಸಲೂ ಬರುತ್ತದೆ. ‘ವಿಷಯಕ್ಕೆ ಸಂಬಂಧವಿಲ್ಲ’ ಎಂದು ಬಾವುಟ ಹಾರಿಸುವ ಗುಂಡಿ ಹುಟ್ಟಿನಿಂದಲೇ ಇದೆ. ಹೊಸ ಸದಸ್ಯರು 5 ವಿಷಯ ತೆರೆದು, 30 ಬರಹ ಓದಿ, 10 ನಿಮಿಷ ಕಳೆದ ಮೇಲೆ ಒಂದು ಮೆಟ್ಟಿಲು ಮೇಲೇರುತ್ತಾರೆ. ಬಂದ ಕೂಡಲೇ ಕಸ ಸುರಿದು ಹೋಗುವವರನ್ನು ತಡೆಯಲು ಇಷ್ಟು ಸಾಕು.

ತೊಂದರೆ ನಡೆಸುವವರದ್ದು. ತಂತ್ರಾಂಶ ಪುಕ್ಕಟೆ, ನಿಲ್ಲಿಸುವ ಜಾಗ ಪುಕ್ಕಟೆಯಲ್ಲ: ಕನಿಷ್ಠ 1 ಜಿಬಿ ರ‍್ಯಾಮ್ ಮತ್ತು ಸ್ವಾಪ್ (ರ‍್ಯಾಮ್ ಸಾಲದಾದಾಗ ಡಿಸ್ಕಿನಲ್ಲಿ ಬಳಸುವ ಜಾಗ), 10 ಜಿಬಿ ಡಿಸ್ಕ್ ಇರುವ ಸರ್ವರ್, ಒಂದು ಡೊಮೇನ್ ಹೆಸರು, ಇಮೇಲ್ ಕಳಿಸುವ ಸೇವೆ. ಇಮೇಲೇ ಹೆಚ್ಚಾಗಿ ಕೈಕೊಡುವುದು. ಅದು ಸರಿಯಿಲ್ಲದಿದ್ದರೆ ಹೊಸಬರ ದೃಢೀಕರಣದ ಪತ್ರ ಸ್ಪ್ಯಾಮಿಗೆ ಬಿದ್ದು ‘ಸೇರಕ್ಕೇ ಆಗ್ತಿಲ್ಲ’ ಎಂಬ ದೂರು ಬರುತ್ತದೆ. ಅಪ್‌ಡೇಟ್ ಮಾಡಲು ಲಿನಕ್ಸ್ ಗೊತ್ತಿರುವ ಒಬ್ಬರಾದರೂ ಬೇಕು, ಅವರು ಊರು ಬಿಟ್ಟರೆ ಇನ್ನೊಬ್ಬರು ಬೇಕು. ಅಷ್ಟಾದರೆ, ಗೂಗಲ್ಲಿನಲ್ಲಿ ಹುಡುಕಿದವರಿಗೂ ಹೋದ ವರ್ಷದ ಉತ್ತರ ಸಿಗುವ ಒಳ್ಳೆಯ ದಾರಿ ಇದು. ಉಳಿಸಿಕೊಳ್ಳುವ ದೃಷ್ಟಿಗೆ 9, ನಾಳೆ ಬೆಳಿಗ್ಗೆ ಶುರು ಮಾಡುವ ದೃಷ್ಟಿಗೆ 4.

ಫೇಸ್‌ಬುಕ್ ಗ್ರೂಪು

ಪ್ರತಿ ಪೋಸ್ಟಿನ ಹರಟೆ ಅದರಡಿಯ ಕಾಮೆಂಟಿನಲ್ಲೇ ಉಳಿಯುವುದರಿಂದ ಬ್ರಹ್ಮಕಮಲ ಮೆಣಸಿನ ಮೇಲೆ ಬೀಳುವುದಿಲ್ಲ. ಅಷ್ಟು ಒಳ್ಳೆಯದು. ಆದರೆ ಯಾವ ಪೋಸ್ಟು ಯಾರಿಗೆ ಕಾಣಬೇಕೆಂದು ನಿರ್ಧರಿಸುವುದು ಫೇಸ್‌ಬುಕ್, ನೀವಲ್ಲ. ಲೈಕು ಗಿಟ್ಟಿಸುವ ಹೂವು ಮೇಲೇರುತ್ತದೆ, ಮುದುರಿದ ಎಲೆ ಕೆಳಗಿಳಿಯುತ್ತದೆ. 10ಕ್ಕೆ 5.

ಯಾವ ಆ್ಯಪಿಗಾದರೂ ಅನ್ವಯಿಸುವ ಎರಡು ಮಾತು. ಹರಟೆಯ ಜಾಗಕ್ಕೆ ‘ಆಫ್ ಟಾಪಿಕ್’, ‘ಇತರೆ’ ಅಂತ ಹೆಸರಿಡಬೇಡಿ. ಅಲ್ಲಿಗೆ ಕಳಿಸಿದರೆ ತರಗತಿಯಿಂದ ಹೊರಗೆ ನಿಲ್ಲಿಸಿದಂತೆ ಆಗುತ್ತದೆ. ಜಗಲಿ, ಅರಳಿಕಟ್ಟೆ, ಸಂಜೆ ಕಾಫಿ, ಯಾವುದಾದರೂ ಕರೆಯುವಂಥ ಹೆಸರಿರಲಿ. ಹೆಸರಿಟ್ಟರಷ್ಟೇ ಸಾಲದು, ಅಡ್ಮಿನ್‌ಗಳೂ ಉತ್ತರ ಹೇಳುವ ಹಿರಿಯರೂ ದಿನಕ್ಕೊಮ್ಮೆ ಅಲ್ಲಿ ಕೂತು ಎದ್ದು ಹೋಗಬೇಕು. ದೊಡ್ಡವರು ಕೂರದ ಜಗಲಿ ವಾರದಲ್ಲಿ ಕಸದ ಬುಟ್ಟಿ. ಎರಡನೆಯದು, ಕಳಿಸುವ ರೀತಿ. ‘ದಯವಿಟ್ಟು ವಿಷಯಕ್ಕೆ ಸಂಬಂಧಿಸಿದ್ದು ಮಾತ್ರ ಹಾಕಿ’ ಎಂದು ಗ್ರೂಪಿನಲ್ಲಿ ಬರೆದರೆ ಹೂವಿನವರ ಜೊತೆ ಇನ್ನೂ ಹತ್ತು ಜನ ಬಾಯಿ ಮುಚ್ಚುತ್ತಾರೆ. ‘ಅಕ್ಕಾ, ಒಂಬತ್ತು ಹೂವಾ! ಇದನ್ನ ಜಗಲಿಗೂ ಹಾಕಿ, ಅಲ್ಲಿ ಎಲ್ರೂ ಬ್ರಹ್ಮಕಮಲ ತೋರಿಸ್ತಾ ಇದಾರೆ’ ಅಂದರೆ ಅವರೇ ಹೋಗುತ್ತಾರೆ, ಮುಂದಿನ ಸಲ ನೇರ ಅಲ್ಲಿಗೇ ಹಾಕುತ್ತಾರೆ. ಪದೇ ಪದೇ ತಪ್ಪುವವರಿಗೆ ಖಾಸಗಿಯಾಗಿ ಹೇಳಿ, ಸಾಧ್ಯವಾದರೆ ಫೋನು ಮಾಡಿ.

ಕೊನೆಗೆ ಒಂದು ಬೇಸರದ ಆದರೆ ಅಗತ್ಯದ ಕೆಲಸ, ಬ್ಯಾಕಪ್. ಯಾಹೂ ಗ್ರೂಪ್ಸ್ 2020ರ ಡಿಸೆಂಬರ್ 15ರಂದು ಬಾಗಿಲು ಹಾಕಿತು. ಅಲ್ಲಿದ್ದ ಹಳೆಯ ಸಂದೇಶಗಳನ್ನು ಅದಕ್ಕೂ ಒಂದು ವರ್ಷ ಮೊದಲೇ ಜಾಲದಿಂದ ತೆಗೆದಾಗಿತ್ತು. ಹವ್ಯಾಸಿಗಳ ಅದೆಷ್ಟೋ ವರ್ಷದ ಮಾತು ಹಾಗೆ ಹೋಯಿತು. ಟೆಲಿಗ್ರಾಮಿನಲ್ಲಿ ಕಂಪ್ಯೂಟರಿನ ಆ್ಯಪಿನಿಂದ ಚಾಟ್ ಹಿಸ್ಟರಿ ಎಕ್ಸ್‌ಪೋರ್ಟ್ ಮಾಡಿದರೆ ಬ್ರೌಸರಿನಲ್ಲಿ ತೆರೆಯುವ ಪುಟಗಳಾಗಿ ಫೋಟೊ ಸಮೇತ ಇಳಿಯುತ್ತದೆ. ಡಿಸ್ಕೋರ್ಸಿನಲ್ಲಿ ಅಡ್ಮಿನ್ ಪುಟದಲ್ಲೇ ಬ್ಯಾಕಪ್ ಗುಂಡಿ ಇದೆ. ವಾಟ್ಸ್‌ಆ್ಯಪಿನಲ್ಲಿ ಪ್ರಶ್ನೆಯ ಗ್ರೂಪನ್ನು ಮಾತ್ರ, ಮೀಡಿಯಾ ಬಿಟ್ಟು ಎಕ್ಸ್‌ಪೋರ್ಟ್ ಮಾಡಿಕೊಳ್ಳಿ. ಮೀಡಿಯಾ ಸೇರಿಸಿದರೆ ಸಿಗುವ ಸಂದೇಶಗಳ ಸಂಖ್ಯೆ ಕಡಿಮೆ. ಹೊಸಬರು ಬಂದಂತೆಲ್ಲ ಅದೇ ಮೆಣಸಿನ ಪ್ರಶ್ನೆ ಬರುತ್ತದೆ. ಆ ಕಡತದಲ್ಲಿ ‘ಮುದುರು’ ಅಂತ ಹುಡುಕಿ, ಸಿಕ್ಕಿದ್ದನ್ನು ಅಂಟಿಸಿ, ಎಲೆ ತಿರುಗಿಸಿ ಒಂದು ಫೋಟೊ ಹಾಕಲು ಹೇಳಿ.